ಟೈಮ್ ಆಮ್ಯಾಲ ಶುರು

ನಮ್ಮಪ್ಪ ಅಂಬಾಸಾ ಖಟವಟೆ
ಎರಡು ಮಗ್ಗ ಮಾರಿ, ಬೆಟಗೇರಿಯೊಳಗ
ಮೂರು ಟೀವಿ ತಂದಿಟ್ಟು ಗೇಮಿನ ಅಂಗಡಿ ತೆಗೆದ ವರ್ಷ
ನನಗ ಹನ್ನೊಂದು.
ನೇಯ್ಗಿ ಕೂಲಿ ಬರೆಯೋ ಹಳೇ ಪಟ್ಟಿಯೊಳಗ
ನಾ ಟೈಮ್ ಬರೀತಿದ್ದೆ:
ಅರ್ಧ ತಾಸಿಗೆ ಮೂರು ರೂಪಾಯಿ.

ಕಾನೂನು ಒಂದ. ಅಪ್ಪಂದು.
ಕ್ಯಾಸೆಟ್ ಹಾಕಿದ ಕೂಡಲೆ ಬರತೈತಲ್ಲ ಕಂಪನಿ ಲೋಗೋ,
ಅದು ಲೆಕ್ಕಕ್ಕಿಲ್ಲ.
ಅದು ಮುಗೀಲಿ, ಟೈಮ್ ಆಮ್ಯಾಲ ಶುರು.
ಅಂಗಡಿ ತೆಗೆದು ಊದಿನಕಡ್ಡಿ ಹಚ್ಚಿದ್ದಕ್ಕ
ಗಿರಾಕಿ ಕಡಿಂದ ಯಾರರೆ ರೊಕ್ಕ ತಗೋತಾರೇನು, ಅಂತಿದ್ದ.

ಹಿಂಗಾಗಿ ರೊಕ್ಕ ಇಲ್ಲದ ಮಾಬೂ
ದಿನಾ ಬಾಗಲ ಚೌಕಟ್ಟಿಗೆ ಆತು ನಿಂತು
ಲೋಗೋ ಅಷ್ಟ ನೋಡಿಕೊಂಡು ಹೋಗತಿದ್ದ.

ಮೊದಲನೇದು ಬರೇ ಚೌಕ.
ಕರೇದರ ಮ್ಯಾಲ ಬಿಳೇವು, ಎಣಿಸಿದರ ನಲವತ್ತೊಂದು,
ಸೆರಗಿನ ಡಿಸೈನಿಗೆ ಅಪ್ಪ ಗ್ರಾಫ್ ಹಾಳ್ಯಾಗ
ಮನಿ ಮನಿ ತುಂಬತಿದ್ದನಲ್ಲ, ಹಂಗ.
ಬಗ್ಗಿದ ಕುತ್ತಿಗಿ, ಮುಂದ ಚೂಪ ಮಾರಿ,
ಕೆಳಗ ಎಂಥದೋ ಸುರುಳಿ.
'ಕುದರಿ' ಅಂದ ಮಾಬೂ.
ಅವರಜ್ಜ ಟಾಂಗಾಕೂಟದಾಗ ಟಾಂಗಾ ಹೊಡದಾಂವ.
'ದಣದೈತಿ. ಅದಕ್ಕ ತಲಿ ಬಗ್ಗಿಸೈತಿ.'
ಮತ್ತ ಆ ಸುರುಳಿ?
'ಚಾಬೂಕ.'

ಎರಡನೇದಕ್ಕ ಬಣ್ಣ ಬಂತು, ನೀಲಿ, ಹಸರು.
ನಮ್ಮವು ನಕಲಿ ಕ್ಯಾಸೆಟ್. ಯಾರೋ ಕಂಪನಿ ಹೆಸರು ಅಳಿಸಿದ್ದರು.
ಅರ್ಧ ಉಳಿದ ಒಂದಕ್ಷರ
ಕೊರಳಾಗ ಗೆಜ್ಜಿಯಂಗ ಜೋತು ಬಿದ್ದಿತ್ತು.
ಪೇಂಟರ್ ಈರಬಸಪ್ಪ ಶಟರಿನ ಮ್ಯಾಲ ಅದನ್ನ ಬರೆದ,
ಗೆಜ್ಜಿ ಸೈತ.
'ಕಾಲು ಎಲ್ಲ್ಯಾವೊ ಇದಕ್ಕ?' ಅಂದು
ತಾನ ನಾಕು ಹಚ್ಚಿದ.
ಮಾಬೂಗ ಅವತ್ತು ಹಬ್ಬ.

ಸೀಡಿ ಬಂದ ಕಾಲಕ್ಕ ಲೋಗೋ ಲೋಹದ್ದಾತು.
ಕತ್ತಲಾಗಿಂದ ಗುಂಯ್ ಅಂತ ತಿರುಗಿಕೋತ ಬಂದು
ಮೈಮ್ಯಾಲ ಬೆಳಕಿನ ಗೆರಿಯೊಂದು ಹಾದು ಹೋದಾಗ
ಹುರುಪಿ ಕಂಡವು.
ಸುರುಳಿ ಬಾಲ. ಬೆನ್ನಿಗೊಂದು ಈಜುರೆಕ್ಕಿ.
ಮೀನು.
ಸಮುದ್ರದಾಗ ಇಂಥಾದ್ದೊಂದು ಇರತೈತಿ,
ಅಂಗೈಯಷ್ಟ ಇರತೈತಿ, ಅಂತ
ಮಾಸ್ತರ ಮಗ ಪುಸ್ತಕ ತಂದು ತೋರಿಸಿದ.
ಸಮುದ್ರ ನಾವ್ಯಾರು ನೋಡಿದ್ವಿ?
ನೀರಂದರ ನಮಗ ಭೀಷ್ಮ ಕೆರಿ.

ಮಾಬೂ ಒಂದು ವಾರ ಬರಲಿಲ್ಲ.
ಬಂದಾಗ ಕಿಸೆದಾಗ ಮೂರು ರೂಪಾಯಿ ಇದ್ದವು,
ಸ್ಟೇಶನ್ ರೋಡಿನ ಪ್ರೆಸ್ಸಿನಾಗ ಹಾಳಿ ಮಡಚಿದ ಕೂಲಿ.
ಮೊದಲ ಸಲ ಕುಂತು ಆಡಿದ.
ಲೋಗೋ ಬಂದಾಗ ಮಾತ್ರ ಕಣ್ಣು ಮುಚ್ಚಿದ್ದ.
ಅವತ್ತು ಪಟ್ಟಿಯೊಳಗ ನಾ
ಐದು ನಿಮಿಷ ಕಡಿಮಿ ಬರದೆ.

ಮುಂದ ಗಾಜಿನಂಥಾದ್ದು ಬಂತು, ಒಳಗ ನೀರು ತುಳುಕಿದಂಗ.
ಒಂದರ ಬೆನ್ನಿಗೆ ಒಂದು, ಕಂಪನಿ ಹೆಚ್ಚಾದವು,
ಲಗ್ನಪತ್ರದಾಗ ಸುಖಾಗಮನ ಬಯಸುವವರ ಸಾಲಿನಂಗ.
ಮುಗಿಯೂತನಕ ಅಪ್ಪ ಒಂದು ಚಾ ಕುಡೀತಿದ್ದ.
ಕಾನೂನು ಮಾತ್ರ ಬದಲಿಸಲಿಲ್ಲ.
ಅಂಗಡಿ ಮುಚ್ಚಿತು. ಅದಕ್ಕ ಅಂತ ಅಲ್ಲ.

ಈಗ ಅದ ಜಾಗಾದಾಗ ನಾ ಕುಬಸ ಹೊಲೀತೀನಿ.
ಬಿಸಲಿಗೆ ಶಟರಿನ ಬಣ್ಣ ಹಪ್ಪಳ ಎದ್ದೈತಿ.
ಈರಬಸಪ್ಪ ಕೆಳಗಿಂದು ಎಂದೂ ಕೆರೆದಾಂವಲ್ಲ,
ಒಂದರ ಮ್ಯಾಲ ಒಂದು ಬರಕೋತ ಹೋದ.
ಬೂದಿಬಣ್ಣದ ಲೋಹ ಉದುರಿದಲ್ಲೆ
ನಾಕು ಕಾಲು ಹಣಿಕಿ ಹಾಕತಾವ,
ಹುರುಪಿ ನಡುವ ಗೆಜ್ಜಿ.
ನನಗ ಇದ ಖರೇ ಲೋಗೋ ಅನಸತೈತಿ ಒಮ್ಮೊಮ್ಮೆ.

ಮಾಬೂನ ಮಗಳು ತಬಸ್ಸುಮ್ ಅಳತಿ ಕೊಡಾಕ ಬಂದು
ಮೊಬೈಲಿನಾಗ ಆಟ ತೆಗೆದಳು.
ಅದ ಕಂಪನಿ. ಈಗ ಹೊಳಪಿಲ್ಲ, ಹುರುಪಿಲ್ಲ,
ಒಂದ ಬಣ್ಣ, ಒಂದ ಗೆರಿ,
ಅಕ್ಷರ ಕಳಕೊಂಡ ಕೊಂಬಿನಂಗ.
'ಇದೇನ ಅತ್ತಿ, ಕಿವೀನೋ, ಗಾಳಾನೋ?'
ಕೇಳೂದರಾಗ ಒತ್ತಿ ದಾಟಿಸಿದ್ದಳು.
'ನಿಮ್ಮಪ್ಪನ್ನ ಕೇಳು' ಅಂದೆ.

ಕೇಳಿದಳಂತ.
ಆತ ಚಾಳೀಸು ಹಣಿಗೇರಿಸಿ,
ಮೊಬೈಲ್ ಮಾರಿ ಹತ್ರ ತಂದು,
ಮತ್ತೊಮ್ಮೆ ತೋರಸು ಅಂದು,
ನೋಡಿ,
'ದಣದೈತಿ' ಅಂದನಂತ.