ನಲವತ್ತೆಂಟು ಪೀಸು

ಅಬ್ಬಾಸಿಯಾದಲ್ಲಿ ಯಾರು ಊರಿಗೆ ಹೊರಟರೂ
ಮೊದಲು ಹಾರಿಸ್‌ಗೆ ಗೊತ್ತಾಗುತ್ತದೆ, ಆಮೇಲೆ ನನಗೆ.
ಹಾಫ್ ಲಾರಿ ತಂದು ಕೆಳಗೆ ನಿಲ್ಲಿಸುತ್ತೇನೆ.
ಮೂರನೇ ಮಾಳಿಗೆ, ಲಿಫ್ಟು ಕೆಟ್ಟಿದೆ.

ಬೆಲೆ ಹೇಳುವುದು ಸುಲಭವಲ್ಲ.
ಸೋಫಾ ಎಂಟು ದಿನಾರು ಅಂದರೆ
ಮನೆಯಾಕೆ ನನ್ನ ಮುಖ ನೋಡುವುದಿಲ್ಲ,
ಸೋಫಾದ ಕಡೆ ನೋಡುತ್ತಾರೆ
ಅದಕ್ಕೆ ಕೇಳಿಸಿತೇನೋ ಎಂಬ ಹಾಗೆ.

ಇದ್ದದ್ದು ಇಬ್ಬರು. ಫ್ಲಾಸ್ಕು ಏಳು.
ಪ್ಲಾಸ್ಟಿಕ್ಕು ಬಿಚ್ಚದ ಹಾಸಿಗೆಯ ಮೇಲೆ
ಹದಿಮೂರು ವರ್ಷ ಚರಪರ ಎನ್ನುತ್ತ ಮಲಗಿದವರು.

ಮಂಚದಡಿಯಿಂದ ಲವೀಟಾ ಬಾಯಿ
ಮೊಣಕಾಲೂರಿ ಎಳೆದರು ಒಂದು ಪೆಟ್ಟಿಗೆ.
ಊಟದ ಸೆಟ್ಟು, ಅಂಚಿಗೆ ಚಿನ್ನದ ಗೆರೆ,
ನಲವತ್ತೆಂಟು ಪೀಸು, ಟೇಪು ಹಾಗೇ ಇದೆ.
‘ಊರಿನ ಮನೆಗೆ ಅಂತ ಇಟ್ಟದ್ದು.
ಈಗ ಲಗೇಜು ತೂಕ ಮೀರಿತು.’

ಪೆಟ್ಟಿಗೆಯ ಮೂಲೆಯಲ್ಲಿ ನೀಲಿ ಶಾಯಿ: ೧೪.
ನನ್ನದೇ ಅಕ್ಷರ.
ಮಂಗಾಫಿನ ನರ್ಸಮ್ಮನಿಂದ ಕೊಂಡು
ಇವರಿಗೇ ಮಾರಿದ್ದೆ, ಹನ್ನೊಂದು ವರ್ಷದ ಹಿಂದೆ.
ಆಕೆಯೂ ಊರಿಗೆಂದೇ ಇಟ್ಟಿದ್ದರು.
ಆಕೆಗೆ ಮಾರಿದವರು ಯಾರೋ, ಅವರ ಊರು ಯಾವುದೋ.

ನಗು ಬಂತು. ನಗಲಿಲ್ಲ.
ನಕ್ಕರೆ ನನ್ನ ಮಂಚದಡಿಯ ಲೆಕ್ಕವೂ ಹೇಳಬೇಕು:
ಜಿಪ್ಪು ತೆಗೆಯದ ನಾಲ್ಕು ಕಂಬಳಿ, ಎರಡು ಮಿಕ್ಸಿ,
ಗಂಗೊಳ್ಳಿಯಲ್ಲಿ ಇನ್ನೂ ತಾರಸಿ ಬೀಳದ ಮನೆಗೆ
ಒಂದು ತೂಗುದೀಪ.

ಆ ರಾತ್ರಿ ಧೂಳುಗಾಳಿ. ಕಿಟಕಿಗೆ ಒದ್ದೆ ಟವಲು ತುರುಕಿ
ನಾಲ್ವರೂ ಕೋಣೆಯಲ್ಲೇ.
ಬೂತಾಯಿ ಗಸಿ ಕುದಿಯುತ್ತಿತ್ತು.
ಶೀನ ಏನೂ ಕೇಳದೆ, ಮೀನಿನ ಕತ್ತಿಯಲ್ಲೇ
ಟೇಪು ಸೀಳಿದ.
‘ಖಲ್ಲಿವಲ್ಲಿ’ ಅಂದ.

ಹುಲ್ಲಿನ ವಾಸನೆಯ ಕಾಗದ, ಒಳಗೆ ಒಂದೊಂದೇ ತಟ್ಟೆ,
ಯಾರ ಎಂಜಲೂ ಕಾಣದ ಬಿಳುಪು.
ಹೀಗೂ ಮುಪ್ಪಾಗಬಹುದು ಅಂತ ನನಗೆ ಗೊತ್ತಿರಲಿಲ್ಲ.

ನೆಲದ ಮೇಲೆ ಪೇಪರು ಹಾಸಿ ಕೂತೆವು.
ಅನ್ನಕ್ಕೊಂದು, ಗಸಿಗೊಂದು, ಮುಳ್ಳಿಗೂ ಒಂದು ಬೇರೆ.
ಮೂತಿಯಿರುವ ಆ ಉದ್ದ ಬಟ್ಟಲು ಯಾತಕ್ಕೆಂದು
ಯಾರಿಗೂ ತಿಳಿಯಲಿಲ್ಲ.
ಹಸೈನಾರ್ ಅದರಲ್ಲಿ ಸುಲೈಮಾನಿ ಕುಡಿದ,
ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ.

ಉಂಡ ಮೇಲೆ ಮಾತು ಕಡಿಮೆಯಾಯಿತು.
ತಟ್ಟೆಯನ್ನು ಬೇಸಿನ್ನಿನಲ್ಲೇ ಬಿಟ್ಟು ಮಲಗುವ ಶೀನ
ತೊಳೆದ, ಒರೆಸಿದ, ದೀಪಕ್ಕೆ ಹಿಡಿದು ನೋಡಿದ.
ಇಡುವುದೆಲ್ಲಿ? ಕೋಣೆಯಲ್ಲಿ ಕಪಾಟಿಲ್ಲ.
‘ನಾಳೆಯೂ ಇದರಲ್ಲೇ ಉಣ್ಣುವ’ ಅಂದೆ.
‘ಬೇಡ ಮಾರಾಯ, ಒಡೆದೀತು.’

ಹೊಸ ಟೇಪು ನಾನೇ ಸುತ್ತಿದೆ.
ಹದಿನಾಲ್ಕಕ್ಕೆ ಗೀಟು ಹಾಕಿ ಒಂಬತ್ತು ಬರೆದೆ.
ಶುಕ್ರವಾರ ಸಂತೆಯಲ್ಲಿ ಯಾರಾದರೂ ಕೇಳಿದರೆ
ನಲವತ್ತೇಳು ಅನ್ನಬೇಕು.
ಮೂತಿಯದ್ದನ್ನು ಹಸೈನಾರ್ ಕೊಡಲಿಲ್ಲ.