ಸೀಮೆಸುಣ್ಣ

ಬೈಕಂಪಾಡಿಯ ಏಳನೇ ಶೆಡ್ಡಿನಲ್ಲಿ ನನ್ನ ಕೆಲಸ ಇಷ್ಟೇ:
ಬಾಗಿಲಿನ ಅಂಚಿಗೆ ಸೀಮೆಸುಣ್ಣ ಬಳಿಯುವುದು,
ಮುಚ್ಚುವುದು, ತೆರೆಯುವುದು,
ರಬ್ಬರಿನ ಮೇಲೆ ಮೂಡಿದ ಬಿಳಿ ಗೆರೆ
ಎಲ್ಲಿ ಕಡಿದಿದೆ ಅಂತ ನೋಡುವುದು.
ಗೆರೆ ಕಡಿದಲ್ಲಿ ನೀರು ಬರ್ತದೆ.
ಅದಕ್ಕೆ ಎರಡು ಸರಕಾರಗಳ ಸಹಿ ಬೇಡ.

ಗಾಡಿಗೆ ಎಂಟು ಚಕ್ರ.
ನೆಲದಲ್ಲಿ ಓಡಬೇಕು, ನೀರಲ್ಲಿ ಈಜಬೇಕು.
ಮೂಗು ಅವರ ದೇಶದ್ದು, ಬೆನ್ನು ನಮ್ಮದು.
ಹಿಂಬಾಗಿಲಿನ ಚೌಕಟ್ಟು ಇಲ್ಲಿಯದು, ಕದ ಅಲ್ಲಿಯದು,
ನಡುವೆ ಹೆಬ್ಬೆರಳು ದಪ್ಪದ ರಬ್ಬರು.
ಅದು ಯಾರದ್ದು ಎನ್ನಲಿಕ್ಕೆ
ಒಪ್ಪಂದದಲ್ಲಿ ನಲವತ್ತು ಪುಟ ಉಂಟಂತೆ.

ಹೆಲ್ಮಿ ಬಂದದ್ದು ಮೇ ತಿಂಗಳಲ್ಲಿ,
ಎರಡೇ ದಿನಕ್ಕೆ ಕುತ್ತಿಗೆಗೆ ಒದ್ದೆ ಬೈರಾಸು ಸುತ್ತಿಕೊಂಡಳು.
ಅವಳ ಊರಲ್ಲಿ ಕಡಲು ನಾಲ್ಕು ತಿಂಗಳು ಕಲ್ಲಾಗುತ್ತದಂತೆ,
ಅದರ ಮೇಲೆ ಕಾರು ಓಡಿಸಿಕೊಂಡು
ಜನ ಮದುವೆಗೆ ಹೋಗ್ತಾರಂತೆ.
ನಾನು ನಂಬಲಿಲ್ಲ. ಫೋಟೊ ತೋರಿಸಿದಳು.
ನಾನು ಅವಳನ್ನು ತಣ್ಣೀರುಬಾವಿಗೆ ಕರೆದುಕೊಂಡು ಹೋದೆ,
ಮಟಮಟ ಮಧ್ಯಾಹ್ನ.
ಚಪ್ಪಲಿ ಬಿಚ್ಚಿದವಳು
ಎರಡನೇ ಹೆಜ್ಜೆಗೇ ನಮ್ಮ ದೇಶವನ್ನು ನಂಬಿದಳು.

ಅವಳ ಚಳಿಗೆ ರಬ್ಬರು ಹಪ್ಪಳ,
ನಮ್ಮ ಸೆಕೆಗೆ ಹಲಸಿನ ಮೇಣ.
ಎರಡನ್ನೂ ತಾಳುವ ಒಂದು ಹದ ಸಿಗಲಿಕ್ಕೆ
ಹನ್ನೆರಡು ಸಲ ಬೇಯಿಸಬೇಕಾಯಿತು.

ಆಮೇಲೆ ಫಲ್ಗುಣಿಗೆ ಇಳಿಸಿದರು.
ಕೂಳೂರು ಸೇತುವೆಯ ಮೇಲೆ ಬಸ್ಸುಗಳು ನಿಧಾನ ಮಾಡಿದವು.
ಗಾಡಿ ಈಜಿತು, ಚೆಂದವೇ ಈಜಿತು.
ದಡಕ್ಕೆ ಬಂದು ಬಾಗಿಲು ತೆರೆದಾಗ
ಮೊದಲು ಇಳಿದದ್ದು ನೀರು,
ಅದರ ಹಿಂದೆ ಒಂದು ಸಣ್ಣ ಏಡಿ.

ಅವರು ಅವರ ನಕ್ಷೆ ಹರವಿದರು, ಸರಿ ಇತ್ತು.
ನಮ್ಮವರು ನಮ್ಮದು ಹರವಿದರು, ಸರಿ ಇತ್ತು.
ತಪ್ಪಿದ್ದು ನೀರು ಮಾತ್ರ.

ಅಪ್ಪ ಬೆಂಗ್ರೆಯಲ್ಲಿ ದೋಣಿಯ ಸಂದಿಗೆ ಹತ್ತಿ ತುರುಕುತ್ತಿದ್ದರು.
ಸೋರುವುದು ಹೊರಗಿನಿಂದ ಕಾಣುವುದಿಲ್ಲ ಮಗಾ,
ಒಳಗೆ ಕೂತು ಕೇಳಬೇಕು ಎನ್ನುತ್ತಿದ್ದರು.
ಹಾಗಾಗಿ ನಾನು, ಹೆಲ್ಮಿ ಒಳಗೆ ಹೋದೆವು.
ಚಿಲಕ ಹಾಕಿಸಿದೆವು. ಹೊರಗೆ ಮೋನಾಕ ಪೈಪು ಹಿಡಿದ.

ಕತ್ತಲೆ ಅಂದರೆ ಪೇಂಟಿನ ವಾಸನೆಯ ಕತ್ತಲೆ.
ತಗಡಿನ ಮೇಲೆ ನೀರಿನ ಸದ್ದು.
ಇಬ್ಬರದ್ದೂ ಮುರುಕು ಇಂಗ್ಲಿಷು.
ಹೆಸರಿಗೆ ಅರ್ಥ ಉಂಟಾ ಅಂತ ಕೇಳಿದಳು.
ಮುತ್ತು, ಅಂದೆ, ಕಡಲಲ್ಲಿ ಸಿಗುವುದು.
ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕಳು:
ಅವಳ ಭಾಷೆಯಲ್ಲಿ ಹೆಲ್ಮಿ ಅಂದರೂ ಅದೇ.
ಉಕ್ಕಿನ ಮರುವಾಯಿ ಬಾಯಿ ಮುಚ್ಚಿಕೊಂಡಿತ್ತು.

ಕೆಳಗಿನ ತಿರುಗಣಿಯ ಹತ್ತಿರ
ಅವಳ ಬೆರಳಿಗೂ ನನ್ನ ಬೆರಳಿಗೂ ಒಟ್ಟಿಗೇ ತಣ್ಣಗಾಯಿತು.
ಅರ್ಧ ಮಿಲಿಮೀಟರು, ಅಷ್ಟೇ.
ಆ ಅರ್ಧವನ್ನು ಅವರು ಕೆಳಗೆ ಬಿಟ್ಟಿದ್ದರು, ನಾವು ಮೇಲಕ್ಕೆ ಏರಿಸಿದ್ದೆವು.

ಟಾರ್ಚು ಹಾಕಿದಾಗಲೇ ಸೀಟುಗಳು ಕಂಡದ್ದು.
ಆಚೆ ನಾಲ್ಕು, ಈಚೆ ನಾಲ್ಕು,
ಪಟ್ಟಿಗಳು ಇನ್ನೂ ಪ್ಲಾಸ್ಟಿಕ್ಕಿನಲ್ಲಿ.
ಇದು ಎಲ್ಲಿಗೆ ಹೋಗ್ತದೆ ಅಂತ ಕೇಳಿದೆ.
ಹೆಲ್ಮಿ ಭುಜ ಎತ್ತಿದಳು, ಇಳಿಸಿದಳು.
ಒಳಗೆ ಕೂತವರನ್ನು ಒಣಗಿಡುವುದು ನಮ್ಮ ಕೆಲಸ.
ಹೊರಗೆ ನಿಂತವರ ನಕ್ಷೆ
ನಮ್ಮಿಬ್ಬರಿಗೂ ಯಾರೂ ಕೊಟ್ಟಿಲ್ಲ.

ಕೈ ತೊಳೆಯುವಾಗ ಕೇಳಿದಳು,
ಈ ಬಿಳಿಗೆ ನಿಮ್ಮಲ್ಲಿ ಎಂತ ಹೆಸರು?
ಸೀಮೆಸುಣ್ಣ.
ಸುಣ್ಣ ಗೊತ್ತಾಯಿತು, ಸೀಮೆ ಅಂದರೆ?
ಪರದೇಶ, ಅಂದೆ. ಮತ್ತೆ ನೆನಪಾಗಿ, ಗಡಿ ಅಂತಲೂ.
ಎರಡಕ್ಕೂ ಒಂದೇ ಮಾತಾ?
ಒಂದೇ.
ಅವಳು ಒದ್ದೆ ಅಂಗೈಯಲ್ಲಿ ಬರೆದುಕೊಂಡಳು.
ಅದು ಅಳಿಸಿಹೋಯಿತು.

ಹೆಲ್ಮಿ ಹೋದ ರಾತ್ರಿಯೇ ಮಳೆ ಹಿಡಿಯಿತು.
ಬೆಳಿಗ್ಗೆ ಬಂದರೆ ಶೆಡ್ಡಿನ ಶೀಟು ಆರು ಕಡೆ ಸೋರಿ
ಹಾಜರಿ ಪುಸ್ತಕ ತೇಲುತ್ತಿತ್ತು.
ಮೋನಾಕ ಬಕೇಟು ಹುಡುಕುತ್ತಿದ್ದ.
ನಾನು ಹೋಗಿ ಹಿಂಬಾಗಿಲು ತೆರೆದೆ.
ಒಂದು ಹನಿ ಇಲ್ಲ.
ಎಂಟು ಸೀಟು, ಒಣಗಿ,
ಕಾಯುತ್ತಿದ್ದವು.