ಮಂಗಳವಾರ ತೆರೆದಿದ್ದ ತೂತು

ಮೆಟ್ಟಿಲ ಬಾಗಿಲಿಗೆ ಚೀಟಿ ಅಂಟಿಸಿದ್ದರು:
ಮಂಗಳವಾರ ಬೆಳಿಗ್ಗೆ ಎಂಟಕ್ಕೆ
ಐದೂ ಮಹಡಿಯವರು ಮನೆಯಲ್ಲೇ ಇರತಕ್ಕದ್ದು.
ಹಳೇ ಕೊಳವೆ ಕಿತ್ತು ಹೊಸದು ಹಾಕುತ್ತೇವೆ.
ಒಬ್ಬರು ಬಾಗಿಲು ತೆರೆಯದಿದ್ದರೂ
ಯಾರಿಗೂ ನೀರಿಲ್ಲ.

ಕೌನಸ್ ಊರಿನ ಈ ನಮ್ಮ ಕಟ್ಟಡ
ಕಾಂಕ್ರೀಟಿನ ಹಲಗೆಗಳನ್ನು ಇಸ್ಪೀಟಿನೆಲೆಯಂತೆ ನಿಲ್ಲಿಸಿ ಕಟ್ಟಿದ್ದು.
ಗೋಡೆ ನನ್ನದು, ಕಿಟಕಿ ನನ್ನದು,
ಸಾಲ ತೀರಿಸಿ ಬಿಡಿಸಿಕೊಂಡ ಕಾಗದ ನನ್ನದು;
ಕೊಳವೆ ಮಾತ್ರ ಐದು ಮನೆಯದು,
ಮೇಲಿಂದ ಕೆಳಕ್ಕೆ ಒಂದೇ ಗಂಟಲು.

ಐದನೇ ಮಹಡಿಯ ಕಾಜಿಮಿಯೆರಾ ಒಪ್ಪಲಿಲ್ಲ.
ಹೋದ ವರ್ಷವಷ್ಟೇ ನೀಲಿ ಟೈಲ್ಸ್ ಹಾಕಿಸಿದ್ದಳು,
ಒಂದೊಂದರಲ್ಲೂ ಒಂದೊಂದು ಮೀನು.
"ನನ್ನ ಮೀನು ಒಡೆಯುವವನು ಇನ್ನೂ ಹುಟ್ಟಿಲ್ಲ" ಅಂದಳು.
ಕೊಳಾಯಿ ಕೆಲಸದ ಗಿಂತೌತಸ್ ವಾದಕ್ಕಿಳಿಯಲಿಲ್ಲ.
ಪಕ್ಕದ ಕಟ್ಟಡದಲ್ಲಿ ಕೊಯ್ದಿದ್ದ ಗೇಣುದ್ದ ಕೊಳವೆಯನ್ನು
ಅವಳ ಅಡುಗೆ ಮೇಜಿನ ಮೇಲಿಟ್ಟ.
ಹೊರಗೆ ಮುಷ್ಟಿ ದಪ್ಪ. ಒಳಗೆ ತುಕ್ಕು ಬೆಳೆದು ಬೆಳೆದು
ಪೆನ್ಸಿಲು ತೂರುವಷ್ಟೇ ದಾರಿ.
ಇಂಥದ್ದರಲ್ಲೇ ನಲವತ್ತು ವರ್ಷ
ಮುಖ ತೊಳೆದೆವು, ಸೂಪು ಕುದಿಸಿದೆವು.
ಅವಳು ಅದನ್ನೆತ್ತಿ ಬೆಳಕಿಗೆ ಹಿಡಿದು
ಒಂದು ಕಣ್ಣು ಮುಚ್ಚಿ ನೋಡಿದಳು.
"ಎರಡು ಮೀನು. ಮೂರನೆಯದು ಮುಟ್ಟಿದರೆ ನೋಡು."

ಮಂಗಳವಾರ. ಡ್ರಿಲ್ಲಿನ ಸದ್ದಿಗೆ ಬಾಯೊಳಗೆ ಹಲ್ಲು ಕುಣಿದವು.
ಹನ್ನೊಂದರ ಹೊತ್ತಿಗೆ
ನನ್ನ ಬಚ್ಚಲ ಮೂಲೆಯಲ್ಲಿ ಊಟದ ತಟ್ಟೆಯಗಲದ ತೂತು,
ತಲೆಯ ಮೇಲೊಂದು, ಕಾಲ ಬಳಿ ಒಂದು.
ಮೇಲಿನಿಂದ ಧೂಳು, ಯಾರದೋ ಆಕಳಿಕೆ,
ಸೀದ ಈರುಳ್ಳಿಯ ವಾಸನೆ.
ಮೇಲ್ಮನೆಯ ಹುಡುಗ ದಾರ ಕಟ್ಟಿ
ಪ್ಲಾಸ್ಟಿಕ್ ಡೈನೋಸಾರ್ ಇಳಿಬಿಟ್ಟ.
ಅದರ ಕತ್ತಿಗೆ ಬಿಸ್ಕತ್ತು ಕಟ್ಟಿ ಕಳಿಸಿದೆ.

ಕೆಳಗಿನದು ವಿತೆನಿಸನ ಮನೆ.
ಶನಿವಾರ ನನ್ನ ವಾಷಿಂಗ್ ಮೆಷಿನ್
ಬಟ್ಟೆ ಹಿಂಡುವಾಗ ಮೊಳದುದ್ದ ನಡೆದುಬಿಡುತ್ತದೆ.
ಅವನು ಕೆಳಗಿನಿಂದ ಪೊರಕೆ ಹಿಡಿಯಲ್ಲಿ ಮೂರು ಸಲ ಕುಟ್ಟುತ್ತಾನೆ.
ನಾನು ಹಿಮ್ಮಡಿಯಲ್ಲಿ ಎರಡು ಸಲ.
ಹನ್ನೆರಡು ವರ್ಷದ ಮಾತುಕತೆ ಇಷ್ಟೇ.
ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಅಂಚೆ ಡಬ್ಬಿ ನೋಡುತ್ತೇವೆ.

ಬಗ್ಗಿ ನೋಡಿದೆ.
ಬೋಳು ನೆತ್ತಿ. ಉಣ್ಣೆಯ ಚಪ್ಪಲಿ.
ಗೋಡೆಗೊರಗಿದ ಪೊರಕೆ; ಅದರ ಹಿಡಿಯ ತುದಿಗೆ ಬಟ್ಟೆ ಸುತ್ತಿದ್ದ,
ಪೆಟ್ಟು ಜೋರಾಗದಿರಲೆಂದೋ
ತನ್ನ ಸುಣ್ಣ ಉದುರದಿರಲೆಂದೋ.
ಅವನೂ ತಲೆಯೆತ್ತಿದ.

"ನಿಮ್ಮ ಮೆಷಿನ್ನಿನ ಒಂದು ಕಾಲು ಗಿಡ್ಡ" ಅಂದ.
"ಎಡಗಡೆ ಹಿಂದಿನದು. ಸದ್ದಿನಲ್ಲೇ ಗೊತ್ತಾಗುತ್ತೆ."
"ಯಾವಾಗಿಂದ ಗೊತ್ತು?"
"ಮೊದಲ ವಾರದಿಂದ."

ಸ್ಟೂಲು ಎಳೆದ ಸದ್ದು. ಆಮೇಲೆ ತೂತಿನಿಂದ
ನೆಲದಲ್ಲಿ ಮೊಳೆತ ಹಾಗೆ ಒಂದು ಕೈ ಬಂತು,
ಹದಿಮೂರನೇ ನಂಬರಿನ ಸ್ಪ್ಯಾನರ್ ಹಿಡಿದು.
"ಮೊದಲು ನಟ್ಟು ಸಡಿಲಿಸಿ. ಕಾಲು ಅರ್ಧ ಸುತ್ತು.
ಮತ್ತೆ ನಟ್ಟು ಬಿಗಿ ಮಾಡಿ, ಜನ ಅದನ್ನೇ ಮರೀತಾರೆ."
ಹೊಟ್ಟೆಯ ಮೇಲೆ ಮಲಗಿ, ಧೂಳಿಗೆ ಕೆನ್ನೆಯಿಟ್ಟು ತಿರುಗಿಸಿದೆ.
ಮೆಷಿನ್ನಿನ ಮೇಲೆ ಒಂದು ಲೋಟ ನೀರಿಡಿ ಅಂದ.
ನೀರು ಓರೆಯಾಯಿತು, ಯೋಚಿಸಿತು, ಸಮವಾಯಿತು.

ಸಂಜೆ ಐದಕ್ಕೆ ನೆಲಮಾಳಿಗೆಯಿಂದ ಗಿಂತೌತಸ್ ಕೂಗಿದ: "ಬಂತಾ?"
ಒಂದನೇ ಮನೆ: "ಬಂತು."
ವಿತೆನಿಸ್: "ಬಂತು."
ನನ್ನ ನಲ್ಲಿ ಕೆಮ್ಮಿತು, ಕಂದು ಉಗುಳಿತು, ತಿಳಿಯಾಯಿತು. "ಬಂತು."
ಹುಡುಗ, ಡೈನೋಸಾರಿನ ದನಿಯಲ್ಲಿ: "ಬಂತೂ!"
ಕಾಜಿಮಿಯೆರಾ ತಡಮಾಡಿದಳು.
ನಾಲ್ಕು ಮಹಡಿ ಉಸಿರು ಹಿಡಿದು ನಿಂತವು.
"ಬಂತು. ಮೂರು ಮೀನು ಹೋಯ್ತಲ್ಲೋ, ಕಳ್ಳಾ."

ಬುಧವಾರ ಗಾರೆ ಮೆತ್ತಿದರು.
ಶನಿವಾರ ಮೆಷಿನ್ ಹಿಂಡಿತು, ನಿಂತಲ್ಲೇ ನಿಂತು.
ಕೆಳಗಿನಿಂದ ಏನೂ ಇಲ್ಲ.
ಎತ್ತಿದ ಹಿಮ್ಮಡಿಯನ್ನು ಹಾಗೇ ಇಳಿಸಿದೆ.

ಸ್ಪ್ಯಾನರ್ ಇನ್ನೂ ಮೆಷಿನ್ನಿನ ಮೇಲೆಯೇ ಇದೆ,
ಈಗ ಅಲ್ಲಿಂದ ಜಾರುವುದೂ ಇಲ್ಲ.
ವಾಪಸು ಕೊಡಬೇಕು.
ಹದಿನಾರು ಮೆಟ್ಟಿಲು, ಒಂದು ಕರೆಗಂಟೆ;
ಅದರ ಗುಂಡಿ ಬಾಗಿಲ ಎಡಕ್ಕಿದೆಯೋ ಬಲಕ್ಕೋ
ನೋಡಿಕೊಂಡಿಲ್ಲ.